ಪಾತ್ರಕ್ಕೆ ದುಡ್ಡುಂಟು, ಪಾಠಕ್ಕೆ?

ಈ ಅಂಕಣದಲ್ಲಿ ಸಾಮಾನ್ಯವಾಗಿ ಗುಡುಗು ಮಿಂಚು, ಅಡುಗೆ ಸೋಡ, ಹಾವಿನ ಪೊರೆ ಎಂದು ಬರೆಯುವ ನಾನು ಈ ವಾರ ನಾಟಕಕ್ಕೆ ಕೈಹಾಕಿರುವುದನ್ನು ಕಂಡು ಓದುಗರು ಹುಬ್ಬೇರಿಸಬಹುದು. ವಿಜ್ಞಾನದ ಮೇಷ್ಟ್ರಿಗೆ ಬಣ್ಣದ ಉಸಾಬರಿ ಯಾಕೆ ಎಂದು ಕೇಳಲೂಬಹುದು. ಕೇಳಬೇಕಾದ್ದೇ. ಆದರೆ ಮೂರು ವರ್ಷದ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ಆ ಉಸಾಬರಿ ತಾನಾಗಿಯೇ ಮೋಟಾರ್ ಬೈಕ್ ಏರಿ ಮದ್ದೂರಿನ ನಮ್ಮ ಮನೆ ಬಾಗಿಲಿಗೆ ಬಂದು ನಿಂತಿತು.

ಬಂದವರು ಮಳವಳ್ಳಿ ಕಡೆಯ ಒಬ್ಬ ರೈತರು. ನನ್ನ ಹಳೆಯ ವಿದ್ಯಾರ್ಥಿನಿಯ ತಂದೆ. ಎರಡೂವರೆ ಎಕರೆ ಕಬ್ಬು, ಒಂದಿಷ್ಟು ಭತ್ತ, ಮನೆ ಮುಂದೆ ನಾಲ್ಕು ತೆಂಗು. ಮರ್ಯಾದಸ್ಥರು. ಎಂದೂ ದನಿ ಏರಿಸಿದವರಲ್ಲ. ಅಂದು ಮಾತ್ರ ಜಗುಲಿ ಹತ್ತುವ ಮೊದಲೇ ಶುರು ಮಾಡಿದರು.

"ಏನ್ ಮೇಷ್ಟ್ರೇ, ಹಿಂಗ್ ಮಾಡ್ಬುಟ್ರಲ್ಲ?"

"ಯಾಕ್ ಗೌಡ್ರೇ, ಏನಾಯ್ತು? ಒಳಕ್ ಬನ್ನಿ, ಕಾಫಿ ಕುಡೀವ್ರಂತೆ."

"ಕಾಫಿ ಆಮೇಕಾಯ್ತು. ಮಗಳು ಬಿ.ಎಸ್ಸಿ. ಮುಗಿಸವ್ಳೆ. ನಿಮ್ಮಂಗೆ ಬಿ.ಎಡ್. ಮಾಡು ಅಂದ್ರೆ ನಾಟ್ಕ ಓದ್ತೀನಿ ಅಂತವ್ಳೆ. ಅದೂ ಯೂನಿವರ್ಸಿಟೀಲಿ, ಎರಡು ವರ್ಸ! ನಾಟ್ಕ ಕಟ್ತಾರೆ, ಆಡ್ತಾರೆ, ನೋಡ್ತಾರೆ. ಯಾರಾದ್ರೂ ಓದ್ತಾರಾ? ಅವ್ಳಿಗೆ ಮೊದ್ಲು ಗಡ್ಡ ಅಂಟಿಸ್ದೋರು ನೀವೇ. ಈಗ ನೀವೇ ಬುದ್ದಿ ಯೋಳಿ."

ಗಡ್ಡ ಅಂಟಿಸಿದ್ದು ನಿಜ. ನಮ್ಮ ಶಾಲೆಗಳಲ್ಲಿ ವಿಜ್ಞಾನ ನಾಟಕ ಸ್ಪರ್ಧೆ ನಡೆಯುವುದು ಹಲವರಿಗೆ ಗೊತ್ತು. ತಾಲ್ಲೂಕು, ಜಿಲ್ಲೆ ಎಂದು ಮಕ್ಕಳು ಮೆಟ್ಟಿಲು ಹತ್ತಿಕೊಂಡು ಹೋಗುತ್ತಾರೆ. ಅದಕ್ಕೂ ಏಳು ವರ್ಷ ಹಿಂದೆ ನಾನು ಗೆಲಿಲಿಯೋ ಮೇಲೆ ಅರ್ಧ ಗಂಟೆಯ ನಾಟಕ ಬರೆದು, ಒಂಬತ್ತನೇ ತರಗತಿಯ ಈ ಹುಡುಗಿಗೆ ಗೆಲಿಲಿಯೋ ಪಾತ್ರ ಕೊಟ್ಟಿದ್ದೆ. ಗಂಡುಹುಡುಗರು ಎರಡು ಸಾಲು ನೆನಪಿಟ್ಟುಕೊಳ್ಳಲಾರದೆ ನೆಲ ನೋಡುತ್ತಿದ್ದರು. ಇವಳು ಮೂರೇ ದಿನದಲ್ಲಿ ಎಲ್ಲರ ಮಾತನ್ನೂ ಬಾಯಿಪಾಠ ಮಾಡಿದ್ದಳು. ಹತ್ತಿಯ ಗಡ್ಡಕ್ಕೆ ನಾನು ಹಚ್ಚಿದ ಗೋಂದು ಬೆವರಿಗೆ ಬಿಟ್ಟುಹೋಯಿತು. ವಿಚಾರಣೆಯ ದೃಶ್ಯದ ನಡುವೆ ಗಡ್ಡ ಒಂದು ಕಡೆಗೆ ಜೋತುಬಿತ್ತು. ಸಭೆ ನಗಲು ಶುರು ಮಾಡಿತು. ಅವಳು ಗಾಬರಿಯಾಗದೆ, ಯೋಚನೆಯಲ್ಲಿ ಮುಳುಗಿದ ಮುದುಕನ ಹಾಗೆ ಆ ಗಡ್ಡವನ್ನು ಕೈಯಲ್ಲಿ ಹಿಡಿದು ನೀವುತ್ತಾ ಮಾತು ಮುಂದುವರಿಸಿದಳು. ನಗು ನಿಂತಿತು. ನಮಗೆ ಎರಡನೇ ಬಹುಮಾನ ಬಂತು. ಸ್ಟೀಲ್ ಲೋಟ ಹಿಡಿದು ಬಸ್ಸಿನಲ್ಲಿ ವಾಪಸ್ಸಾಗುವಾಗ ಎಲ್ಲರೂ ಹಾಡುತ್ತಿದ್ದರೆ ಅವಳು ಕಿಟಕಿ ಪಕ್ಕ ಸುಮ್ಮನೆ ಕೂತಿದ್ದಳು. ಆ ಮೌನದಲ್ಲಿ ಏನು ಮೊಳೆಯುತ್ತಿತ್ತೋ ನಾನು ಗಮನಿಸಲಿಲ್ಲ.

ಈಗ ಗೌಡರ ಕೋಪದಲ್ಲಿ ಒಂದು ತಮಾಷೆ ಇತ್ತು. ಆ ತಮಾಷೆ ಅವರೊಬ್ಬರದಲ್ಲ, ನಮ್ಮ ಇಡೀ ಜಿಲ್ಲೆಯದು. ಈ ಗೌಡರು ತಮ್ಮ ಸುತ್ತಿನ ಹಳ್ಳಿಗಳಿಗೆಲ್ಲ ಹೆಸರಾಂತ ದುರ್ಯೋಧನ! ಇಪ್ಪತ್ತು ವರ್ಷದಿಂದ 'ಕುರುಕ್ಷೇತ್ರ'ದಲ್ಲಿ ಆ ಪಾತ್ರವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವರಲ್ಲ.

ಮಂಡ್ಯ ಸೀಮೆಯ ಹೊರಗಿನ ಓದುಗರಿಗಾಗಿ ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮಲ್ಲಿ ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದರೆ ಊರೂರಲ್ಲಿ ಹಾರ್ಮೋನಿಯಂ ಸದ್ದು ಕೇಳಿಸುತ್ತದೆ. ಪೌರಾಣಿಕ ನಾಟಕ, ಅದರಲ್ಲೂ 'ಕುರುಕ್ಷೇತ್ರ', ನಮ್ಮವರಿಗೆ ಒಂದು ಗೀಳು. ಗುಬ್ಬಿ ಕಂಪನಿಯವರು ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ಆಡಿದ 'ಕುರುಕ್ಷೇತ್ರ'ದ ಕಥೆಯನ್ನು ನಮ್ಮ ಅಜ್ಜಂದಿರು ಹೇಳುತ್ತಿದ್ದರು. ಕಂಪನಿಗಳ ಕಾಲ ಹೋದರೂ ಹುಚ್ಚು ಹಳ್ಳಿಗಳಲ್ಲಿ ಉಳಿಯಿತು. ಇಲ್ಲಿ ಪಾತ್ರಧಾರಿಗೆ ಸಂಭಾವನೆ ಇಲ್ಲ. ಬದಲಿಗೆ ಅವನೇ ಪಾತ್ರಕ್ಕೆ ಹಣ ಕಟ್ಟಬೇಕು. ಕೃಷ್ಣ, ದುರ್ಯೋಧನ, ಭೀಮ, ಕರ್ಣ ಎಂದು ಪಾತ್ರದ ತೂಕಕ್ಕೆ ತಕ್ಕ ಬೆಲೆ. ಹಾಗೆ ಕೂಡಿದ ಹಣದಲ್ಲಿ ಮೇಷ್ಟ್ರ ಫೀಸು, ಸೀನರಿ, ಡ್ರೆಸ್ಸು, ಮೈಕು, ಲೈಟು ಎಲ್ಲ ಆಗಬೇಕು. ನಮ್ಮ ಗೌಡರು ಹಿಂದಿನ ವರ್ಷ ದುರ್ಯೋಧನನ ಕಿರೀಟಕ್ಕೆ ತೆತ್ತದ್ದು 40 ಸಾವಿರ ರೂಪಾಯಿ. ಮಗಳು ಸೇರಬೇಕೆಂದಿದ್ದ ಕೋರ್ಸಿಗೆ ಮೊದಲ ವರ್ಷ ಕಟ್ಟಬೇಕಾದ ಶುಲ್ಕ ಅದಕ್ಕಿಂತ ಕಡಿಮೆ.

ಇನ್ನೊಂದು ಸಂಗತಿಯೂ ಉಂಟು. ದ್ರೌಪದಿ, ಕುಂತಿ, ಉತ್ತರೆಯರ ಪಾತ್ರಕ್ಕೆ ಊರಿನ ಹೆಣ್ಣುಮಕ್ಕಳನ್ನು ಹಾಕುವ ರೂಢಿ ಇಲ್ಲ. ಹೊರಗಿನಿಂದ ವೃತ್ತಿ ಕಲಾವಿದೆಯರನ್ನು ಹಣ ಕೊಟ್ಟು ಕರೆಸುತ್ತಾರೆ. ಅಂದರೆ ರಾತ್ರಿಯಿಡೀ ನಡೆಯುವ ಆ ನಾಟಕದಲ್ಲಿ, ಹಾರ್ಮೋನಿಯಂ ಮೇಷ್ಟ್ರು ಮತ್ತು ಪಕ್ಕವಾದ್ಯದವರನ್ನು ಬಿಟ್ಟರೆ, ಕೆಲಸ ಬಲ್ಲವರು ಎಂಬ ಕಾರಣಕ್ಕೆ ಸಂಬಳ ಪಡೆಯುವವರು ಆ ಹೆಣ್ಣುಮಕ್ಕಳೇ. ಮಿಕ್ಕವರೆಲ್ಲ ದುಡ್ಡು ಕೊಟ್ಟು ನಿಂತವರು. ಹಾರ ತುರಾಯಿ ಮಾತ್ರ ದುಡ್ಡು ಕೊಟ್ಟವರ ಕೊರಳಿಗೆ. ಕೆಲಸ ಬಲ್ಲವರ ಬಗ್ಗೆ ಬೆಳಗಾದ ಮೇಲೆ ಆಡುವ ಮಾತು ಬೇರೆ. ಗೌಡರ ನಿಜವಾದ ಸಂಕಟ ಇದೇ ಎಂದು ನನಗೆ ಹೊಳೆದದ್ದು ಎರಡನೇ ಲೋಟ ಕಾಫಿಯ ಹೊತ್ತಿಗೆ. "ನಾಟ್ಕದೋಳು ಅಂತಾರೆ ಮೇಷ್ಟ್ರೇ ನನ್ ಮಗಳ್ನ" ಎಂದು ಅವರು ಮೆಲ್ಲಗೆ ಹೇಳಿದರು. ಆಗ ದನಿಯಲ್ಲಿ ದುರ್ಯೋಧನ ಇರಲಿಲ್ಲ.

ನಾನು ತಕ್ಷಣ ಏನು ಹೇಳಿದೆ ಗೊತ್ತೆ? ಹೇಳಲು ನಾಚಿಕೆ. "ನಾನ್ ಅವ್ಳಿಗೆ ಬುದ್ಧಿ ಹೇಳ್ತೀನಿ, ನೀವು ಹೋಗ್ಬನ್ನಿ" ಎಂದೆ. ಮೂವತ್ತು ವರ್ಷದ ಅಭ್ಯಾಸ. ಯಾವ ಮಗು ಏನು ಓದಬೇಕೆಂದು ಕೇಳಿದರೂ ಮೇಷ್ಟ್ರ ಬಾಯಲ್ಲಿ ಸಿದ್ಧ ಉತ್ತರ ಇರುತ್ತದೆ: ಬಿ.ಎಡ್., ನರ್ಸಿಂಗ್, ಡಿಪ್ಲೊಮಾ, ಬ್ಯಾಂಕ್ ಪರೀಕ್ಷೆ.

ಮಾರನೆಯ ದಿನ ಹುಡುಗಿ ಬಂದಳು. ನನ್ನ ಉಪದೇಶವನ್ನು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು. "ಸಾರ್, ಅಲ್ಲಿ ಏನು ಕಲಿಸ್ತಾರೆ ಅಂತ ನಿಮಗೆ ಗೊತ್ತಾ?"

ಗೊತ್ತಿರಲಿಲ್ಲ. ಗೊತ್ತಿಲ್ಲದ ವಸ್ತುವಿನ ಬಗ್ಗೆ ಅಭಿಪ್ರಾಯ ಕೊಡಬಾರದು ಎಂದು ವರ್ಷವೆಲ್ಲ ತರಗತಿಯಲ್ಲಿ ಹೇಳುವವನು ನಾನು. ಸರಿ, ತಿಳಿದುಕೊಳ್ಳೋಣ ಎಂದು ಹೊರಟೆ. ಲೈಬ್ರರಿಯ ಪುಸ್ತಕ, ಪರಿಚಿತ ಅಧ್ಯಾಪಕರು, ಹುಡುಗಿಯೇ ತಂದುಕೊಟ್ಟ ಪಠ್ಯಕ್ರಮ ಎಲ್ಲ ನೋಡಿದೆ.

ನಾಟಕ ಓದುವ ವಿಷಯವೇ ಎಂಬ ಪ್ರಶ್ನೆ ಬರೀ ಮಳವಳ್ಳಿಯದಲ್ಲ. ಅಮೆರಿಕದ ವಿಶ್ವವಿದ್ಯಾನಿಲಯಗಳೂ ಬಹಳ ಕಾಲ ಅದನ್ನು ಒಪ್ಪಿರಲಿಲ್ಲ. ಸಾಹಿತ್ಯವೆಂದು ನಾಟಕ ಓದಿಸುತ್ತಿದ್ದರೇ ಹೊರತು ರಂಗದ ಕೆಲಸಕ್ಕೆ ಪದವಿ ಇರಲಿಲ್ಲ. ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಸಂಸ್ಥೆ 1914ರಲ್ಲಿ ಪದವಿಯ ಮಟ್ಟದಲ್ಲಿ ನಾಟಕ ವಿಭಾಗ ತೆರೆದದ್ದು ಅಲ್ಲಿ ಮೊದಲು. ಆ ಸಂಸ್ಥೆ ಹೆಸರಾದದ್ದು ಎಂಜಿನಿಯರಿಂಗ್ ಕಲಿಸುವುದಕ್ಕೆ ಎಂಬುದು ನನಗೆ ಸ್ವಾರಸ್ಯವಾಗಿ ಕಂಡಿತು. ಶೇಕ್ಸ್‌ಪಿಯರನ ನಾಡಿನಲ್ಲೇ ವಿಶ್ವವಿದ್ಯಾನಿಲಯವೊಂದು ನಾಟಕಕ್ಕೆ ಪ್ರತ್ಯೇಕ ವಿಭಾಗ ತೆರೆಯಲು 1947ರವರೆಗೆ ಕಾಯಬೇಕಾಯಿತು, ಬ್ರಿಸ್ಟಲ್‌ನಲ್ಲಿ. ನಮ್ಮ ದೇಶದಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಆರಂಭವಾದದ್ದು 1959ರಲ್ಲಿ. ಹಾಗಾಗಿ ಗೌಡರ ಅನುಮಾನ ದೊಡ್ಡ ದೊಡ್ಡ ಕುಲಪತಿಗಳಿಗೂ ಇದ್ದ ಅನುಮಾನವೇ.

ಕರ್ನಾಟಕದ ಕಥೆ ಇನ್ನೂ ಚೆನ್ನಾಗಿದೆ. ಬಂಟ್ವಾಳ ತಾಲ್ಲೂಕಿನ ಮಂಚಿಯ ಹುಡುಗನೊಬ್ಬ ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ. ಬಣ್ಣ ಹಚ್ಚಿದ, ಹಾಡಿದ. ಕಂಪನಿಯ ಒಡೆಯ ಗುಬ್ಬಿ ವೀರಣ್ಣನವರು ಸ್ವತಃ ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. ರಂಗದ ಮೇಲೇ ಕಲಿತು ದೊಡ್ಡವರಾದವರು. ಆದರೆ ಆ ಹುಡುಗನನ್ನು ಅವರು ಕಂಪನಿಯಲ್ಲೇ ಇಟ್ಟುಕೊಳ್ಳದೆ ಎಂ.ಎ. ಓದಲು ಕಾಶಿಗೆ ಕಳಿಸಿಕೊಟ್ಟರು. ಅವನು ಅಲ್ಲಿಂದ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ ಕಲಿತ. 1977ರಲ್ಲಿ ಅದೇ ಶಾಲೆಯ ನಿರ್ದೇಶಕನಾದ. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದ. ಅವರೇ ಬಿ.ವಿ. ಕಾರಂತರು. ಅನುಭವದಿಂದಲೇ ಎಲ್ಲ ಕಲಿತ ವೀರಣ್ಣನವರಿಗೆ ಓದಿನ ಬೆಲೆ ತಿಳಿದಿತ್ತು. ಅನುಭವ ಸಾಕು, ಓದು ಯಾಕೆ ಎನ್ನುವವರು ಈ ಒಂದು ಸಂಗತಿಯನ್ನು ನೆನೆಯಬೇಕು.

ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1949ರಲ್ಲಿ ಹುಟ್ಟಿದ ನೀನಾಸಂ ಸಂಸ್ಥೆಯಿಂದ 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರು ಮಾಡಿದರು. ಅಡಿಕೆ ತೋಟದ ನಡುವೆ ಕಲಿತವರು ಇಂದು ನಾಡಿನ ತುಂಬ ಇದ್ದಾರೆ. ನಮ್ಮ ಜಿಲ್ಲೆಯ ಹೆಸರನ್ನೇ ತಮ್ಮ ಹೆಸರಿನಲ್ಲಿ ಇಟ್ಟುಕೊಂಡಿರುವ ಮಂಡ್ಯ ರಮೇಶ್ ಅಲ್ಲಿ ಕಲಿತು, ರಂಗಾಯಣದಲ್ಲಿ ದುಡಿದು, ಮೈಸೂರಿನಲ್ಲಿ 'ನಟನ' ಕಟ್ಟಿದವರು. ಇಂದು ರಂಗಾಯಣದಲ್ಲಿ ಭಾರತೀಯ ರಂಗಶಿಕ್ಷಣ ಕೇಂದ್ರ ಇದೆ. ಸಾಣೇಹಳ್ಳಿಯಲ್ಲಿ ರಂಗಪ್ರಯೋಗ ಶಾಲೆ ಇದೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರದರ್ಶಕ ಕಲೆಗಳ ವಿಭಾಗ ಇದೆ. ಗಂಗೂಬಾಯಿ ಹಾನಗಲ್ ಅವರ ಹೆಸರಿನಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳಿಗೆಂದೇ ಒಂದು ವಿಶ್ವವಿದ್ಯಾಲಯ ಮೈಸೂರಿನಲ್ಲಿ ಇದೆ. ಮದ್ದೂರಿನಿಂದ ರೈಲು ಹತ್ತಿದರೆ ಎರಡು ಗಂಟೆಯೂ ಬೇಡ. ನಮ್ಮ ಮೂಗಿನ ಕೆಳಗೆ ಇದ್ದದ್ದು ನಮಗೇ ಕಂಡಿರಲಿಲ್ಲ.

ಇನ್ನು ನಮ್ಮ ನೆಲದ ಮಾತು. ಕನ್ನಡದಲ್ಲಿ ಈಗ ದೊರೆತಿರುವ ಮೊದಲ ನಾಟಕ ಸಿಂಗರಾರ್ಯನ 'ಮಿತ್ರವಿಂದಾ ಗೋವಿಂದ'. ಬರೆದದ್ದು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ 17ನೇ ಶತಮಾನದ ಕೊನೆಯ ಸುಮಾರಿಗೆ. ಅವರ ರಾಜಧಾನಿ ನಮ್ಮ ಶ್ರೀರಂಗಪಟ್ಟಣ. ಗ್ರೀಕ್ ನಾಟಕಗಳನ್ನು ಕನ್ನಡಕ್ಕೆ ತಂದ ಬಿ.ಎಂ.ಶ್ರೀ. ಅವರ ಹೆಸರಿನ ಮೊದಲಕ್ಷರ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನದು. 'ಗೋಕುಲ ನಿರ್ಗಮನ' ಎಂಬ ಗೀತನಾಟಕ ಕೊಟ್ಟ ಪು.ತಿ.ನ. ಮೇಲುಕೋಟೆಯವರು. ಎಚ್.ಎಸ್. ಶಿವಪ್ರಕಾಶರ 'ಮಂಟೇಸ್ವಾಮಿ ಕಥಾಪ್ರಸಂಗ' ನಾಟಕಕ್ಕೆ ಮೂಲವಾದ ಮಂಟೇಸ್ವಾಮಿಯ ಗದ್ದುಗೆ ಇರುವುದು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ಕಂಪನಿ ನಾಟಕಗಳ ಕಾಲದಲ್ಲಿ ನಟಿಯಾಗಿ, ಗಾಯಕಿಯಾಗಿ ನಾಡಿಗೆಲ್ಲ ಹೆಸರಾದ ಸುಂದರಮ್ಮನವರ ಹೆಸರಿನ ಮುಂದೆ ಇದ್ದ ಊರು ಯಾವುದು? ಮಳವಳ್ಳಿ! ಇದನ್ನು ಹೇಳಿದಾಗ ಗೌಡರು, "ನಮ್ಮಪ್ಪ ಅವ್ರ ಹಾಡ ಪ್ಲೇಟಲ್ಲಿ ಕೇಳೋರು" ಎಂದು ಒಂದು ಗಳಿಗೆ ಸುಮ್ಮನಾದರು.

ಸುಮ್ಮನಾದರೇ ಹೊರತು ಒಪ್ಪಲಿಲ್ಲ. "ಅದೆಲ್ಲಾ ಸರಿ, ಆದ್ರೆ ಅಲ್ಲಿ ಏನ್ ಕಲಿಸ್ತಾರೆ, ನೋಡ್ಬೇಕಲ್ಲ" ಎಂದರು. ನ್ಯಾಯವಾದ ಮಾತು. ಬಿತ್ತನೆ ಬೀಜವನ್ನು ಕೈಯಲ್ಲಿ ಹಿಡಿದು ನೋಡದೆ ಕೊಳ್ಳದ ಜನ ನಾವು. ಒಂದು ಶನಿವಾರ ಮೂವರೂ ಮದ್ದೂರಿನಲ್ಲಿ ರೈಲು ಹತ್ತಿದೆವು. ಗೌಡರು ಇಸ್ತ್ರಿ ಮಾಡಿದ ಪಂಚೆ ಉಟ್ಟಿದ್ದರು. ವಡೆಯ ಪೊಟ್ಟಣ ಬಿಚ್ಚಿ ಮಗಳಿಗೂ ನನಗೂ ಕೊಟ್ಟರು. ತಾವು ತಿನ್ನಲಿಲ್ಲ.

ಮೈಸೂರಿನಲ್ಲಿ ನಾಟಕ ಕಲಿಸುವ ಒಂದು ಕಡೆ ಅಧ್ಯಾಪಕರೊಬ್ಬರು ನಮ್ಮನ್ನು ತರಗತಿಯೊಳಗೇ ಕರೆದು ಮೂಲೆಯಲ್ಲಿ ಕೂರಿಸಿದರು. ಬೆಂಚಿಲ್ಲ, ಬೋರ್ಡಿಲ್ಲ. ಹದಿನೈದು ಹುಡುಗ ಹುಡುಗಿಯರು ಬರಿಗಾಲಲ್ಲಿ ನಿಂತಿದ್ದರು. ಮೊದಲ ಅರ್ಧ ಗಂಟೆ ಬರೀ ಉಸಿರಾಟ ಮತ್ತು ಸ್ವರ. ಕಿರುಚದೆ ದನಿಯನ್ನು ಹಿಂದಿನ ಸಾಲಿಗೆ ಮುಟ್ಟಿಸುವುದು ಹೇಗೆ ಎಂದು. ಗಂಟಲು ಬಿಗಿಯುವುದಲ್ಲ, ಹೊಟ್ಟೆಯಿಂದ ಗಾಳಿಯನ್ನು ಅಳತೆಯಲ್ಲಿ ಬಿಡುವುದು ಎಂದು ಅವರು ಹೇಳಿಕೊಡುತ್ತಿದ್ದರು. ಗೌಡರು ನನ್ನ ಕಡೆ ಬಾಗಿ, "ನಾಟ್ಕ ಆದ್ಮೇಲೆ ನಂಗೆ ಎಂಟ್ ದಿನ ಗಂಟ್ಲು ಕಟ್ಟಿರ್ತದೆ" ಎಂದರು.

ಆಮೇಲೆ ಅಭಿನಯದ ಅಭ್ಯಾಸ. ಒಬ್ಬ ವಿದ್ಯಾರ್ಥಿನಿ ಇಲ್ಲದ ಕೊಡವನ್ನು ಸೊಂಟದ ಮೇಲೆ ಹೊತ್ತು ನಡೆಯಬೇಕಿತ್ತು. ಮೊದಲು ಖಾಲಿ ಕೊಡ, ಆಮೇಲೆ ತುಂಬಿದ ಕೊಡ. ಅವಳು ನಡೆದಳು. ಎರಡಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ. ಅಧ್ಯಾಪಕರು ಏನನ್ನೂ ಹೇಳದೆ ಕಾಯುತ್ತಿದ್ದರು. ಇದ್ದಕ್ಕಿದ್ದಂತೆ ಗೌಡರು ಗಟ್ಟಿಯಾಗಿ, "ಅವ್ವಾ, ತುಂಬಿದ್ ಕೊಡ ಹಂಗ್ ಹೊರಲ್ಲ ಕಣವ್ವಾ" ಎಂದುಬಿಟ್ಟರು. ನನಗೆ ನೆಲ ಬಿರಿಯಬಾರದೇ ಎನಿಸಿತು. ಅಧ್ಯಾಪಕರು ಮಾತ್ರ ತಿರುಗಿ, "ಹೇಗೆ ಯಜಮಾನ್ರೇ, ತೋರಿಸ್ತೀರಾ?" ಎಂದರು.

ಗೌಡರು ಎದ್ದರು. ಕೊಡ ಹೊರಲಿಲ್ಲ. "ನಂಗೆ ಕಬ್ಬಿನ ಹೊರೆ ಗೊತ್ತು, ಅದ ತೋರುಸ್ತೀನಿ" ಎಂದು ಪಂಚೆ ಎತ್ತಿಕಟ್ಟಿದರು. ಬಗ್ಗಿ, ಮಂಡಿ ಮಡಿಸಿ, ಇಲ್ಲದ ಹೊರೆಯನ್ನು ತಲೆಗೇರಿಸಿದರು. ಕುತ್ತಿಗೆ ಕಂಬದ ಹಾಗೆ ನೆಟ್ಟಗಾಯಿತು. ಹೆಜ್ಜೆ ಚಿಕ್ಕದಾಯಿತು, ಚುರುಕಾಯಿತು. ಬದುವಿನ ಮೇಲೆ ಹೋಗುವ ಹಾಗೆ ಪಾದ ಒಂದರ ಮುಂದೊಂದು ಬಿತ್ತು. ಹತ್ತು ಹೆಜ್ಜೆ ನಡೆದು ಹೊರೆ ಇಳಿಸಿದಾಗ ಹದಿನೈದು ಮಕ್ಕಳೂ ಉಸಿರು ಬಿಟ್ಟರು. ಅಧ್ಯಾಪಕರು ಚಪ್ಪಾಳೆ ತಟ್ಟಲಿಲ್ಲ. "ಏನು ನೋಡಿದಿರಿ, ಒಬ್ಬೊಬ್ಬರಾಗಿ ಹೇಳಿ" ಎಂದು ಮಕ್ಕಳನ್ನು ಕೇಳಿದರು. ಒಬ್ಬಳು ಮಂಡಿ ಎಂದಳು, ಒಬ್ಬ ಕುತ್ತಿಗೆ ಎಂದ, ಇನ್ನೊಬ್ಬ ಕಣ್ಣು ಎಲ್ಲಿ ನೆಟ್ಟಿತ್ತು ಎಂದು ಹೇಳಿದ. ತನ್ನ ನಡಿಗೆಯನ್ನು ಬೇರೆಯವರು ಹೀಗೆ ಬಿಡಿಸಿ ಹೇಳುವುದನ್ನು ಗೌಡರು ಬಾಯಿ ಬಿಟ್ಟುಕೊಂಡು ಕೇಳಿದರು.

ನಾನು ಗುರುತ್ವ ಕೇಂದ್ರದ ಪಾಠವನ್ನು ಮೂವತ್ತು ವರ್ಷದಿಂದ ಮಾಡುತ್ತಿದ್ದೇನೆ. ಒಂದು ಬದಿಗೆ ಭಾರ ಹೊತ್ತವನು ಇನ್ನೊಂದು ಬದಿಗೆ ವಾಲುತ್ತಾನೆ, ಭಾರ ಕಾಲಿನ ಆಸರೆಯ ಒಳಗೆ ಬೀಳಬೇಕು, ಇಲ್ಲವಾದರೆ ಬೀಳುತ್ತಾನೆ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಇಲ್ಲಿ ಅದೇ ಪಾಠವನ್ನು ಮೈಯಿಂದ ಮಾಡುತ್ತಿದ್ದರು. ನೋಡು, ನೋಡಿದ್ದನ್ನು ಹೇಳು, ಮಾಡಿ ನೋಡು, ತಪ್ಪಾದರೆ ಮತ್ತೆ ಮಾಡು. ನಮ್ಮ ಪ್ರಯೋಗಶಾಲೆಯ ಕ್ರಮವೂ ಇದೇ ಅಲ್ಲವೇ?

ಮಧ್ಯಾಹ್ನ ಬೆಳಕಿನ ಪಾಠ. ಇದಂತೂ ನನ್ನ ಮನೆಯ ಅಂಗಳ. ಬಣ್ಣದ ಡಬ್ಬಿಯಲ್ಲಿ ಕೆಂಪಿಗೆ ಹಸಿರು ಬೆರೆಸಿದರೆ ರಾಡಿ. ಅದೇ ಕೆಂಪು ದೀಪದ ಬೆಳಕಿಗೆ ಹಸಿರು ದೀಪದ ಬೆಳಕು ಸೇರಿಸಿದರೆ ಹಳದಿ. ಪುಸ್ತಕದ ಈ ಮಾತನ್ನು ಅಲ್ಲಿ ಬಿಳಿ ಪರದೆಯ ಮೇಲೆ ಕಣ್ಣಾರೆ ನೋಡಿದೆ. ಅಧ್ಯಾಪಕರು ಹಳೆಯ ಕಾಲದ ಉಪ್ಪುನೀರಿನ ಡಿಮ್ಮರ್ ಬಗ್ಗೆಯೂ ಹೇಳಿದರು. ಒಂದು ಪಾತ್ರೆಯಲ್ಲಿ ಉಪ್ಪುನೀರು, ತಳದಲ್ಲಿ ಒಂದು ಲೋಹದ ತಟ್ಟೆ, ಮೇಲಿನಿಂದ ಇಳಿಬಿಟ್ಟ ಇನ್ನೊಂದು. ತಟ್ಟೆಗಳು ಹತ್ತಿರ ಬಂದರೆ ವಿದ್ಯುತ್ತಿಗೆ ತಡೆ ಕಡಿಮೆಯಾಗಿ ದೀಪ ಪ್ರಖರವಾಗುತ್ತದೆ. ದೂರ ಸರಿದರೆ ಸಂಜೆಗತ್ತಲು. (ಯಾರೂ ಮನೆಯಲ್ಲಿ ಮಾಡಲು ಹೋಗಬೇಡಿ, ಪ್ರಾಣಕ್ಕೆ ಸಂಚಕಾರ.) ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಆದರೂ ನಾನು ಹುಡುಗನಾಗಿದ್ದಾಗ ನಮ್ಮೂರ ನಾಟಕಕ್ಕೆ ಗ್ಯಾಸ್‌ಲೈಟೇ ಗತಿ. ರಾಕ್ಷಸ ಬಂದಾಗ ಪಂಜಿಗೆ ರಾಳದ ಪುಡಿ ಎರಚುತ್ತಿದ್ದರು, ಭಗ್ಗೆಂದು ಉರಿ ಏಳುತ್ತಿತ್ತು. ಗಟ್ಟಿ ರಾಳ ನಿಧಾನ ಉರಿಯುತ್ತದೆ, ಪುಡಿಯಾದರೆ ಗಾಳಿ ಎಲ್ಲ ಕಡೆಯಿಂದ ತಾಗಿ ಒಮ್ಮೆಲೇ ಹತ್ತಿಕೊಳ್ಳುತ್ತದೆ. ಹಳೆಯ ಬಣ್ಣಗಾರರು ಮುಖಕ್ಕೆ ಬಳಿಯುತ್ತಿದ್ದ ಅರದಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ ಇರುತ್ತದೆ. ಕಲಿಯದೆ ಮಾಡುವ ಕೆಲಸಕ್ಕೆ ಕೆಲವು ಸಲ ಚರ್ಮವೇ ಸುಂಕ ತೆರುತ್ತದೆ.

ವಾಪಸ್ಸಾಗುವಾಗ ಗೌಡರು ಶ್ರೀರಂಗಪಟ್ಟಣದವರೆಗೂ ಮಾತಾಡಲಿಲ್ಲ. ಕಾವೇರಿ ದಾಟಿದ ಮೇಲೆ, "ಕೆಲ್ಸ ಸಿಕ್ತದಾ ಮೇಷ್ಟ್ರೇ?" ಎಂದರು.

ಇಲ್ಲಿ ನಾನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಓದುಗರಿಗೂ ಹೇಳುವುದಿಲ್ಲ. ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರು ಇದ್ದಾರೆ, ಆದರೆ ಬಹಳ ಕಡಿಮೆ. ರೆಪರ್ಟರಿ ಸೇರಿದರೆ ಊರೂರು ಸುತ್ತಬೇಕು. ಗೌರವಧನದಲ್ಲಿ ಬದುಕಬೇಕು. ಖಾಸಗಿ ಶಾಲೆಗಳು ಮಕ್ಕಳಿಗೆ ನಾಟಕ ಕಲಿಸಲು ಕರೆಯುತ್ತವೆ, ಬೇಸಿಗೆ ಶಿಬಿರಗಳಿವೆ, ಧಾರಾವಾಹಿ, ಸಿನಿಮಾ ಇವೆ. ಯಾವುದಕ್ಕೂ ಪಿಂಚಣಿ ಇಲ್ಲ. ನಾಟಕ ಓದಿದವರೆಲ್ಲ ನಟರಾಗುತ್ತಾರೆ ಎಂಬುದೂ ಇಲ್ಲ. ಎಂ.ಎ. ಅರ್ಥಶಾಸ್ತ್ರ ಓದಿದವರೆಲ್ಲ ಹಣಕಾಸು ಮಂತ್ರಿ ಆಗುವುದಿಲ್ಲವಲ್ಲ, ಹಾಗೆ. ಇಷ್ಟನ್ನೂ ಗೌಡರಿಗೆ ಹೇಳಿದೆ. ಕೊನೆಗೆ, "ಇದು ಕಷ್ಟದ ಬದುಕು. ಆದರೆ ಕೆಟ್ಟ ಬದುಕಲ್ಲ. ಅವಳು ಕಣ್ಣು ತೆರೆದುಕೊಂಡೇ ಹೋಗ್ತಿದಾಳೆ" ಎಂದೆ. ಹುಡುಗಿ ಎದುರು ಸೀಟಿನಲ್ಲಿ ಕೂತು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಗೌಡರು ಆಗ ಆರಿಹೋಗಿದ್ದ ಬೆಳಗಿನ ವಡೆಯನ್ನು ತೆಗೆದು ಮುರಿದು ಬಾಯಿಗೆ ಹಾಕಿಕೊಂಡರು. "ಮುಗಿದ್ಮೇಲೆ ಬಿ.ಎಡ್. ಮಾಡ್ಬೇಕು" ಎಂದರು. ಒಪ್ಪಿಗೆ ಹಾಗೆ ಬಂತು.

ಮಕ್ಕಳು ಇಂಥ ಆಸೆ ಮುಂದಿಟ್ಟಾಗ ತಂದೆ ತಾಯಂದಿರು ಕೇಳಬೇಕಾದ ಕೆಲವು ಪ್ರಶ್ನೆಗಳು ಉಂಟು. ಅಲ್ಲಿ ಕಾಯಂ ಅಧ್ಯಾಪಕರು ಎಷ್ಟು ಮಂದಿ? ವರ್ಷಕ್ಕೆ ಎಷ್ಟು ನಾಟಕ ಕಟ್ಟುತ್ತಾರೆ? ಬರೀ ಪುಸ್ತಕದ ಪರೀಕ್ಷೆಯೋ, ರಂಗದ ಕೆಲಸವೂ ಇದೆಯೋ? ಬೆಳಕು, ಪ್ರಸಾಧನ, ರಂಗಸಜ್ಜಿಕೆ ಎಲ್ಲವನ್ನೂ ಮುಟ್ಟಲು ಬಿಡುತ್ತಾರೋ? ಹಾಸ್ಟೆಲ್ ಹೇಗಿದೆ? ರಾತ್ರಿ ತಾಲೀಮು ಮುಗಿದ ಮೇಲೆ ಹೆಣ್ಣುಮಕ್ಕಳು ತಂಗುವ ಜಾಗಕ್ಕೆ ಹೇಗೆ ಹೋಗುತ್ತಾರೆ? ಹಿಂದೆ ಓದಿದವರು ಈಗ ಏನು ಮಾಡುತ್ತಿದ್ದಾರೆ? ಇವನ್ನು ಹೋಗಿ, ನಿಂತು, ಕೇಳಿ. ಮನೆಯಲ್ಲೇ ಕೂತು ಬೇಡ ಎನ್ನುವುದೂ ತಪ್ಪು, ಮನೆಯಲ್ಲೇ ಕೂತು ಆಗಲಿ ಎನ್ನುವುದೂ ತಪ್ಪು.

ಹುಡುಗಿ ಓದಿದಳು. ಮೊದಲ ವರ್ಷದ ರಜೆಯಲ್ಲಿ ನಮ್ಮ ಮನೆಗೆ ಬಂದಾಗ ನನ್ನ ಹಳೆಯ ಗೆಲಿಲಿಯೋ ನಾಟಕದ ಹಸ್ತಪ್ರತಿ ಕೇಳಿ ಪಡೆದು ಓದಿದಳು. "ಸಾರ್, ಬೇಜಾರು ಮಾಡ್ಕೋಬೇಡಿ" ಎಂದು ಶುರು ಮಾಡಿದಳು. ನನ್ನ ನಾಟಕದ ಕೊನೆಯಲ್ಲಿ ಗೆಲಿಲಿಯೋ ತಪ್ಪೊಪ್ಪಿಕೊಂಡು ಏಳುವಾಗ, ಭೂಮಿ ಮಾತ್ರ ತಿರುಗುತ್ತಲೇ ಇದೆ ಎಂದು ಗೊಣಗುತ್ತಾನೆ. ವಿಚಾರಣೆ ನಡೆದದ್ದು 1633ರಲ್ಲಿ. ಆ ಮಾತು ಪುಸ್ತಕದಲ್ಲಿ ಮೊದಲು ಅಚ್ಚಾಗಿ ಕಂಡದ್ದು 1757ರಲ್ಲಿ, ಅವನು ಹಾಗೆಂದನೆಂಬುದಕ್ಕೆ ಗಟ್ಟಿ ಆಧಾರ ಇಲ್ಲ ಎಂದಳು. ಆಮೇಲೆ ಬ್ರೆಕ್ಟ್ ಎಂಬ ಜರ್ಮನ್ ನಾಟಕಕಾರನ ಗೆಲಿಲಿಯೋ ಬಗ್ಗೆ ಹೇಳಿದಳು. 1938ರಲ್ಲಿ ಮೊದಲ ಸಲ ಬರೆದಾಗ ಅವನ ಗೆಲಿಲಿಯೋ ತಲೆ ಬಾಗಿಸಿ ಬದುಕಿಕೊಂಡು ಗುಟ್ಟಾಗಿ ಸತ್ಯವನ್ನು ಬರೆದಿಡುವ ಜಾಣ. 1945ರಲ್ಲಿ ಹಿರೋಶಿಮಾ ಮೇಲೆ ಬಾಂಬು ಬಿತ್ತು. ವಿಜ್ಞಾನಿ ಅಧಿಕಾರಕ್ಕೆ ತಲೆ ಬಾಗಿದರೆ ಏನಾಗುತ್ತದೆ ಎಂದು ಬ್ರೆಕ್ಟ್ ಮತ್ತೆ ಯೋಚಿಸಿ ನಾಟಕವನ್ನು ತಿದ್ದಿದ. 1947ರಲ್ಲಿ ಅಮೆರಿಕದ ರಂಗಕ್ಕೆ ಬಂದ ಗೆಲಿಲಿಯೋ ತನ್ನನ್ನು ತಾನೇ ಕ್ಷಮಿಸದ ಮನುಷ್ಯ. ವಿಜ್ಞಾನದ ಮೇಷ್ಟ್ರಾಗಿ ನಾನು ಗೆಲಿಲಿಯೋನ ದೂರದರ್ಶಕದ ಬಗ್ಗೆ ಹೇಳಿದ್ದೆ, ಗುರುಗ್ರಹದ ಚಂದ್ರರ ಬಗ್ಗೆ ಹೇಳಿದ್ದೆ. ಈ ಪ್ರಶ್ನೆಯನ್ನು ಒಂದು ತರಗತಿಯಲ್ಲೂ ಎತ್ತಿರಲಿಲ್ಲ. ನಾಟಕ ಓದಿದ ಹುಡುಗಿಯಿಂದ ನಾನು ವಿಜ್ಞಾನದ ಪಾಠ ಕಲಿತೆ.

ಹೋದ ವರ್ಷ ಅವಳ ಕೋರ್ಸು ಮುಗಿಯಿತು. ಈಗ ಮೈಸೂರಿನಲ್ಲಿ ಎರಡು ಶಾಲೆಗಳಲ್ಲಿ ವಾರಕ್ಕೆ ಮೂರು ದಿನ ಮಕ್ಕಳಿಗೆ ನಾಟಕ ಕಲಿಸುತ್ತಾಳೆ. ಒಂದು ತಂಡದಲ್ಲಿ ನಟಿಸುತ್ತಾಳೆ, ಬೆಳಕಿನ ಕೆಲಸವನ್ನೂ ಮಾಡುತ್ತಾಳೆ. ಕೆಲವು ತಿಂಗಳು ಕೈ ತುಂಬುತ್ತದೆ, ಕೆಲವು ತಿಂಗಳು ಅಪ್ಪನ ಮನೆಯಿಂದ ಅಕ್ಕಿ ಹೋಗುತ್ತದೆ. ಬಿ.ಎಡ್. ಮಾತು ಇನ್ನೂ ನಿಂತಿದೆ. ಊರಲ್ಲಿ ಆಡಿಕೊಳ್ಳುವವರು ಆಡಿಕೊಳ್ಳುತ್ತಲೇ ಇದ್ದಾರೆ. ನಾನು ಸರಿ ಮಾಡಿದೆನೋ ಇಲ್ಲವೋ ಎಂದು ಕೆಲವು ರಾತ್ರಿ ಯೋಚನೆ ಬರುತ್ತದೆ.

ಈ ಸುಗ್ಗಿಯಲ್ಲಿ ಗೌಡರ ಊರಲ್ಲಿ ಮತ್ತೆ 'ಕುರುಕ್ಷೇತ್ರ' ಆಯಿತು. ತಾಲೀಮಿಗೆ ಮಗಳು ಬಂದಿದ್ದಳಂತೆ. ನಾಟಕದ ಮಾರನೆಯ ದಿನ ಗೌಡರು ಮದ್ದೂರಿಗೆ ಬಂದವರು ನನ್ನನ್ನು ಕಂಡು ಹೋದರು. ದನಿ ಕಟ್ಟಿರಲಿಲ್ಲ. ಅದನ್ನೇ ಕೇಳಿದೆ.

"ಅವ್ಳು ಉಸ್ರು ಹೆಂಗ್ ತಗೋಬೇಕು ಅಂತ ಯೋಳ್ಕೊಟ್ಲು" ಎಂದರು. ಸ್ವಲ್ಪ ತಡೆದು ಮುಂದುವರಿಸಿದರು. "ಇನ್ನೊಂದ್ ಯೋಳುದ್ಲು ಮೇಷ್ಟ್ರೇ. ಅಪ್ಪಾ, ನೀನು ಮಾತಾಡುವಾಗೆಲ್ಲ ಹಾರ್ಮೋನಿಯಂ ಮೇಷ್ಟ್ರ ಮಕ ನೋಡ್ತೀಯ, ಎದ್ರಿಗಿರೋ ಭೀಮನ್ನ ನೋಡು ಅಂದ್ಲು. ನೋಡ್ದೆ. ಅವ್ನ ಕಣ್ಣು ನೋಡಿದ್ ಮೇಲೆ ನಂಗೆ ನಿಜ್ವಾಗ್ಲೂ ಕ್ವಾಪ ಬಂತು ಕಣ್ರೀ. ಇಪ್ಪತ್ ವರ್ಸ ದುಡ್ ಕೊಟ್ಟು ಮಾಡಿದ್ದೀನಿ. ಒಬ್ರೂ ಇದ ಯೋಳಿರ್ನಿಲ್ಲ."